ಸರಿ ಮಾಡಿ ಕೆಡಿಸಿದ ಪಿಟೀಲು

ಉಳಿಯಕ್ಕನಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಹೇಳಿಕೊಟ್ಟರೂ ಆಕೆ ಕೇಳಿಸಿಕೊಳ್ಳುವ ಪೈಕಿಯಲ್ಲ. ನಲವತ್ತು ವರ್ಷದಿಂದ ಅದೇ ಬೀದಿ, ಅದೇ ಅಂಗಡಿ, ಕಿಟಕಿಯ ಪಕ್ಕ ಅದೇ ಬೆಂಚು. ಪಿಟೀಲು ರಿಪೇರಿಯಲ್ಲಿ ಆಕೆಯದು ಎತ್ತಿದ ಕೈ. ಈ ಮಾತನ್ನು ಊರವರು ಹೇಳುವುದಕ್ಕೆ ಮುಂಚೆ ಆಕೆಯೇ ಹೇಳಿಬಿಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ನಾಚಿಕೆ ಯಾಕೆ ಎಂದು ಆಕೆಯ ವಾದ. ಊರಿನ ದೊಡ್ಡ ವಾದ್ಯವೃಂದದಲ್ಲಿ ಮೂವತ್ತು ಚಿಲ್ಲರೆ ಪಿಟೀಲುಗಳಿದ್ದವು, ಒಂದೊಂದೂ ಒಮ್ಮೆಯಾದರೂ ಆಕೆಯ ಬೆಂಚಿನ ಮೇಲೆ ಮಲಗೆದ್ದು ಹೋಗಿತ್ತು. ಆಕೆಯ ಒಂದು ಉಳಿ ಕೈಯಲ್ಲಿರುತ್ತದೆ, ಇನ್ನೊಂದು ಬಾಯಲ್ಲಿರುತ್ತದೆ ಎಂದು ಎದುರು ಅಂಗಡಿಯ ಗಡಿಯಾರದವನು ಒಮ್ಮೆ ತಮಾಷೆ ಮಾಡಿದ್ದೇ ಮಾಡಿದ್ದು, ಉಳಿಯಕ್ಕ ಅನ್ನುವ ಹೆಸರು ಬೀದಿಗೆಲ್ಲ ನಿಂತುಹೋಯಿತು.

ಅಂಗಡಿಯಲ್ಲಿ ಇದ್ದವರು ಇಬ್ಬರೇ. ಒಳಗೆ ಬೆಂಚಿನಲ್ಲಿ ಅಕ್ಕ, ಬಾಗಿಲ ಬಳಿಯ ಮೇಜಿನಲ್ಲಿ ತಮ್ಮ. ತಮ್ಮನಿಗೆ ಐವತ್ತು ದಾಟಿತ್ತು, ತಾಳ್ಮೆ ಮಾತ್ರ ನೂರು ವರ್ಷದವನದು. ಕಮಾನುಗಳಿಗೆ ಹೊಸ ಕೂದಲು ಕಟ್ಟುವುದು, ಗಿರಾಕಿಗಳನ್ನು ಮಾತಾಡಿಸುವುದು, ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ವಾದ್ಯದ ಕುತ್ತಿಗೆಗೆ ಕಟ್ಟುವುದು, ಇಷ್ಟು ಅವನ ಕೆಲಸ. ಅಕ್ಷರ ಮುತ್ತಿನಂಥದ್ದು. ಆದರೆ ಏನು ಪ್ರಯೋಜನ? ಅಕ್ಕ ಆ ಚೀಟಿಗಳನ್ನು ಓದುತ್ತಿರಲಿಲ್ಲ. ಕೆಲಸಕ್ಕೆ ಕೂತವಳು ಮೊದಲು ಮಾಡುತ್ತಿದ್ದುದೇ ಚೀಟಿಯನ್ನು ಬಿಚ್ಚಿ ಮೂಲೆಗೆ ತಳ್ಳುವುದು.

“ಓದಿದ್ರೆ ಏನು ಗಂಟು ಹೋಗುತ್ತೆ ನಿಂದು?” ಎಂದು ತಮ್ಮ ಗೊಣಗುತ್ತಿದ್ದ.

“ಹಲ್ಲು ನೋವು ಅಂತ ಬಂದವನು ಯಾವ ಹಲ್ಲು ಕೀಳಬೇಕು ಅಂತ ಡಾಕ್ಟರಿಗೆ ಹೇಳ್ತಾನೇನೋ?”

“ಹೇಳ್ತಾನಲ್ಲಕ್ಕ. ಬೆರಳಿಟ್ಟು ತೋರಿಸ್ತಾನೆ.”

“ಸುಮ್ನಿರು. ವಾದ್ಯ ಕೈಗೆ ಬಂದ್ರೆ ಅದೇ ಎಲ್ಲಾ ಹೇಳುತ್ತೆ. ಗಿರಾಕಿಗೆ ಏನು ಗೊತ್ತಿರುತ್ತೆ, ಮಣ್ಣು!”

ಜಂಬವೇ ಸರಿ. ಆದರೆ ನಲವತ್ತು ವರ್ಷ ಆ ಜಂಬಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದಕ್ಕೇ ಅದು ಅಷ್ಟು ಬೆಳೆದಿತ್ತು.

ಒಂದು ಬುಧವಾರ ಹಸಿರು ಕೋಟು ತೊಟ್ಟ ವಯಸ್ಸಾದ ತಾಯಿಯೊಬ್ಬರು ಪಿಟೀಲಿನ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬಂದರು. ಪಿಟೀಲು ಮಗಳದಂತೆ. ಮಗಳಿಗೆ ಕಾರ್ಖಾನೆಯಲ್ಲಿ ರಜೆ ಸಿಗದೆ ಇವರ ಕೈಯಲ್ಲಿ ಕೊಟ್ಟುಕಳಿಸಿದ್ದಳು. ಕೆಳಗಡೆ ಅಂಚಿನಲ್ಲಿ ಅಂಟು ಬಿಟ್ಟಿದೆ, ಅದೊಂದನ್ನು ಕೂಡಿಸಿ ಕೊಟ್ಟರೆ ಸಾಕು ಎಂದರು. ಮುಂದಿನ ಬುಧವಾರ ಮಗಳಿಗೆ ವಾದ್ಯವೃಂದದ ಆಯ್ಕೆ ಪರೀಕ್ಷೆ ಇತ್ತು. ವೃಂದದಲ್ಲಿ ಒಂದು ಕುರ್ಚಿ ಖಾಲಿ ಬಿದ್ದಿರುವ ಸುದ್ದಿ ಊರಿಗೆಲ್ಲ ಗೊತ್ತಿದ್ದದ್ದೇ. ಅಂಥ ಕುರ್ಚಿ ಆರೇಳು ವರ್ಷಕ್ಕೊಮ್ಮೆ ಖಾಲಿಯಾದರೆ ಹೆಚ್ಚು. “ಬೇರೆ ಏನನ್ನೂ ಮುಟ್ಟಬಾರದು ಅಂತ ಮೂರು ಸಲ ಹೇಳಿ ಕಳಿಸಿದ್ದಾಳಪ್ಪ,” ಎಂದು ತಾಯಿ ಬಾಗಿಲವರೆಗೆ ಹೋದವರು ಮತ್ತೆ ಬಂದು ಹೇಳಿದರು. ತಮ್ಮ ಹಾಗೆಯೇ ಬರೆದ. ‘ಬೇರೇನನ್ನೂ ಮುಟ್ಟಬಾರದು’ ಅನ್ನುವುದರ ಕೆಳಗೆ ಎರಡು ಗೆರೆ ಎಳೆದ.

ಗುರುವಾರ ಬೆಳಿಗ್ಗೆ ಉಳಿಯಕ್ಕ ಪೆಟ್ಟಿಗೆ ತೆರೆದಳು. ಚೀಟಿ ಮೂಲೆಗೆ ಹೋಯಿತು. ಪಿಟೀಲನ್ನು ಕಿಟಕಿಯ ಬೆಳಕಿಗೆ ಹಿಡಿದವಳೇ, “ಅಯ್ಯೋ ದೇವರೇ!” ಎಂದು ಕೂಗಿಕೊಂಡಳು.

ತಮ್ಮ ಓಡಿಬಂದ. “ಏನಾಯ್ತು, ಕೈ ಕುಯ್ಕೊಂಡ್ಯಾ?”

“ನನ್ನ ಕೈ ಗಟ್ಟಿಯಾಗಿದೆ. ಇದನ್ನ ನೋಡು. ತಂತಿ ಎಲ್ಲಾ ತಿರುಗುಮುರುಗು. ದಪ್ಪ ತಂತಿ ಇರೋ ಕಡೆ ಸಣ್ಣದು, ಸಣ್ಣದಿರೋ ಕಡೆ ದಪ್ಪದ್ದು. ಕುದುರೇನೂ ತಿರುಗಿಸಿ ನಿಲ್ಲಿಸಿದ್ದಾನೆ ಮಹಾರಾಯ.” ತಂತಿಗಳು ಹಾದುಹೋಗುವ ಆ ಪುಟ್ಟ ಮರದ ಕುದುರೆಯನ್ನು ಉಗುರಿನಿಂದ ತಟ್ಟಿದಳು. ಆಮೇಲೆ ಸಣ್ಣ ಕನ್ನಡಿಯೊಂದನ್ನು ಪಿಟೀಲಿನ ಕಂಡಿಯಲ್ಲಿ ಇಳಿಬಿಟ್ಟು ಒಳಗೆ ನೋಡಿದಳು. ಮೇಲ್ಹಲಗೆಯ ಒಳಮೈಯಲ್ಲಿ, ದಪ್ಪ ತಂತಿಯ ಕೆಳಗೆ ಉದ್ದಕ್ಕೂ ಒಂದು ಮರದ ಪಟ್ಟಿ ಅಂಟಿರುತ್ತದೆ. ಹಲಗೆಗೆ ಬಲ ಬರುವುದೂ, ಕೆಳಸ್ವರಕ್ಕೆ ತುಂಬು ಬರುವುದೂ ಅದರಿಂದಲೇ. ಆ ಪಟ್ಟಿಯೂ ಇಲ್ಲಿ ಎಲ್ಲ ಪಿಟೀಲುಗಳಲ್ಲಿರುವ ಕಡೆ ಇರದೆ ಇನ್ನೊಂದು ಕಡೆಗಿತ್ತು. ಮೈಮೇಲೆಲ್ಲ ಚಾಕುವಿನ ಕಚ್ಚು, ಒಂದು ತುದಿ ತೆಳ್ಳಗೆ, ಇನ್ನೊಂದು ತುದಿ ದಪ್ಪಗೆ.

“ಎಡಗೈಯವರದ್ದಿರಬಹುದೇನೋ ಅಕ್ಕ?”

“ಎಡಚರೂ ಪಿಟೀಲನ್ನ ಎಲ್ಲರ ಹಾಗೇ ಹಿಡೀತಾರೆ ಕಣೋ. ತಂತಿ ಮೇಲೆ ಬೆರಳಾಡ್ಸೋದು ಹೇಗೂ ಎಡಗೈಲಿ ತಾನೆ, ಅವರಿಗೆ ಇನ್ನೂ ಸಲೀಸು. ನಲವತ್ತು ವರ್ಷದಲ್ಲಿ ತಿರುಗಿಸಿ ಹಿಡಿದವನನ್ನ ಒಬ್ಬನನ್ನೂ ಕಂಡಿಲ್ಲ ನಾನು. ಇದು ಯಾವನೋ ಅಡ್ಡಕಸುಬಿ ಕನ್ನಡಿ ಒಳಗೆ ನೋಡ್ಕೊಂಡು ಮಾಡಿರೋ ಕೆಲಸ. ಪಾಪ, ಆ ಹುಡುಗಿ ಇದನ್ನಿಟ್ಕೊಂಡು ಪರೀಕ್ಷೆಗೆ ಹೋಗ್ತಾಳಂತೆ!”

“ಬೇರೇನೂ ಮುಟ್ಟಬಾರದು ಅಂದಿದ್ದಾರೆ.”

“ಕಾಯಿಲೆ ಅಂತ ಗೊತ್ತಿದ್ರೆ ತಾನೆ ಮುಟ್ಟು ಅನ್ನೋದು?”

ಆಕೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ತೊಂದರೆ. ಕಾಣದ ಹುಡುಗಿಯೊಬ್ಬಳ ಮೇಲಿನ ಕರುಣೆಯಿಂದಲೇ ಉಳಿಯಕ್ಕ ತೆಳ್ಳನೆಯ ಅಲಗನ್ನು ಅಂಚಿನಲ್ಲಿ ತೂರಿಸಿ, ಚರ್ಮ ಕುದಿಸಿ ಮಾಡಿದ ಆ ಹಳೇ ಅಂಟನ್ನು ಇಂಚಿಂಚೇ ಬಿಡಿಸಿ, ಮೇಲ್ಹಲಗೆಯನ್ನು ಎತ್ತಿದಳು. ಒಳಪಟ್ಟಿಯನ್ನು ಕಿತ್ತಳು. ಎರಡು ಬೆರಳಲ್ಲಿ ಎತ್ತಿ ತಮ್ಮನಿಗೆ ತೋರಿಸಿ, “ಇದಕ್ಕೆ ಯೋಗ್ಯವಾದ ಜಾಗ ಇದು,” ಎಂದು ಅಂಟು ಕಾಯಿಸುವ ಒಲೆಯೊಳಗೆ ಹಾಕಿದಳು. ಆಮೇಲೆ ಹಳೆಯ ದೇವದಾರು ಮರದ ತುಂಡಿನಿಂದ ಹೊಸ ಪಟ್ಟಿ ಕೆತ್ತಿ, ಎಲ್ಲ ಪಿಟೀಲುಗಳಲ್ಲಿರುವ ಕಡೆಗೇ ಕೂಡಿಸಿದಳು. ಹೊಸ ಕುದುರೆ, ತಂತಿ ಕೂರುವುದಕ್ಕೆ ಹೊಸ ಗೀರು, ಎಲ್ಲ ಅದರದರ ಜಾಗಕ್ಕೆ. ಭಾನುವಾರ ಸಂಜೆ ತಂತಿ ಬಿಗಿದು ಮೀಟಿದಾಗ ಇಡೀ ಅಂಗಡಿ ತುಂಬಿದ ಹಾಗಾಯಿತು. ಅಂಥ ಕೆಲಸ ಆಕೆಯೇ ಮಾಡಿ ಎಷ್ಟೋ ದಿನವಾಗಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೇ ಪಿಟೀಲಿನ ಒಡತಿ ಬಂದಳು. ಮೂವತ್ತೈದರ ಆಸುಪಾಸು, ಕಾಗದದ ಪೆಟ್ಟಿಗೆ ಮಾಡುವ ಕಾರ್ಖಾನೆಯ ನೀಲಿ ಅಂಗಿ, ಎಡಗೈ ಜೇಬಿನಲ್ಲಿ, ಬಲಗೈಯಲ್ಲಿ ಕಮಾನಿನ ಉದ್ದನೆಯ ಚೀಲ. ಗಿರಾಕಿಗಳನ್ನು ಮಾತಾಡಿಸುವ ಅಭ್ಯಾಸವಿಲ್ಲದ ಉಳಿಯಕ್ಕ ಅವತ್ತು ಕೈ ಒರೆಸಿಕೊಂಡು ತಾನೇ ಮುಂದೆ ಬಂದಳು. ಹೊಗಳಿಸಿಕೊಳ್ಳುವುದಕ್ಕೆ ಬಂದಳು ಅನ್ನಿ.

“ಬನ್ನಿ, ಬನ್ನಿ. ನಿಮ್ಮ ಪಿಟೀಲಿಗೆ ಯಾವ ಪುಣ್ಯಾತ್ಮ ಕೈ ಹಾಕಿದ್ದನೋ ಕಾಣೆ. ಒಳಪಟ್ಟಿ ಅಡುಗೆಮನೆ ಚಾಕುವಲ್ಲಿ ಕೆತ್ತಿದ ಹಾಗಿತ್ತು. ಅದೂ ಈ ಕಡೆಯದು ಆ ಕಡೆ, ಆ ಕಡೆಯದು ಈ ಕಡೆ. ಎಲ್ಲಾ ಕಿತ್ತು ಸರಿ ಮಾಡಿದ್ದೀನಿ. ನುಡಿಸಿ ನೋಡಿ, ಆಮೇಲೆ ಮಾತಾಡಿ.”

ಒಡತಿ ಕಮಾನಿನ ಚೀಲವನ್ನು ಮೇಜಿನ ಮೇಲಿಟ್ಟಳು. ಜೇಬಿನಿಂದ ಎಡಗೈ ತೆಗೆದಳು. ಆ ಕೈಯಲ್ಲಿ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಇದ್ದವು. ಉಂಗುರದ ಬೆರಳೂ ಕಿರುಬೆರಳೂ ಬುಡದಿಂದಲೇ ಇರಲಿಲ್ಲ. ಪಿಟೀಲನ್ನೆತ್ತಿ ಬಲಭುಜದ ಮೇಲಿಟ್ಟುಕೊಂಡು, ಬಲಗೈ ಬೆರಳುಗಳನ್ನು ತಂತಿಗಳ ಮೇಲೆ ಇಳಿಸಿದಳು. ದಪ್ಪ ತಂತಿಗೆಂದು ಹೋದ ಬೆರಳಿಗೆ ಸಣ್ಣದು ಸಿಕ್ಕಿತು. ಕಮಾನು ಚೀಲದಿಂದ ಹೊರಗೆ ಬರಲೇ ಇಲ್ಲ. ಪಿಟೀಲನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದಳು.

“ಅಡುಗೆಮನೆ ಚಾಕುನೇ,” ಎಂದಳು. “ನಾನೇ ಕೆತ್ತಿದ್ದು.”

ಉಳಿಯಕ್ಕ ಮಾತಿಗೆ ಬಾಯಿ ತೆರೆದಳು, ಮಾತು ಬರಲಿಲ್ಲ. ಹಾಗಾದದ್ದು ಆ ಅಂಗಡಿಯ ಚರಿತ್ರೆಯಲ್ಲೇ ಮೊದಲ ಸಲ.

ಒಡತಿ ಅಳಲಿಲ್ಲ, ಕೂಗಾಡಲಿಲ್ಲ. ಬೇರೆ ಯಾರದೋ ಕತೆ ಹೇಳುವವಳ ಹಾಗೆ ಹೇಳಿದಳು. ಮೊದಲಿದ್ದ ಊರಿನಲ್ಲಿ ಹಗಲು ಕಾರ್ಖಾನೆ, ಸಂಜೆ ರಂಗಮಂದಿರದಲ್ಲಿ ಪಿಟೀಲು. ಆರು ವರ್ಷದ ಹಿಂದೆ ಕಾಗದ ಕತ್ತರಿಸುವ ಯಂತ್ರ ಎರಡು ಬೆರಳು ತೆಗೆದುಕೊಂಡಿತು. ಮೂರೇ ಬೆರಳಲ್ಲಿ ತಂತಿ ಮೇಲೆ ಓಡಾಡುವುದು ಆಗದ ಮಾತು. ಕಮಾನು ಹಿಡಿಯುವುದಕ್ಕೆ ಮೂರು ಬೆರಳು ಹೇಗೋ ಸಾಕು. ಅದಕ್ಕೇ ಕೈ ಅದಲುಬದಲು ಮಾಡಿಕೊಂಡು ಸೊನ್ನೆಯಿಂದ ಕಲಿತಳು. ಪಿಟೀಲನ್ನು ಬದಲಾಯಿಸಿಕೊಡಿ ಎಂದು ಇಬ್ಬರು ರಿಪೇರಿಯವರ ಹತ್ತಿರ ಹೋದಳು. ಒಬ್ಬ ನಕ್ಕ. ಇನ್ನೊಬ್ಬ, ಸುಮ್ಮನೆ ಮನೆಯಲ್ಲಿರಮ್ಮ ಎಂದ. ಕೊನೆಗೆ ತಾನೇ ಬಿಚ್ಚಿದಳು.

“ಹಳೇ ಪಟ್ಟೀನೇ ವಾಪಸ್ ಹಾಕಿಕೊಡಿ,” ಎಂದಳು. “ಬುಧವಾರ ನಾಲ್ಕು ಗಂಟೆಗೆ ಪರೀಕ್ಷೆ. ನನ್ನ ಕೈಗೆ ಆಗೋ ಪಿಟೀಲು ಈ ಊರಲ್ಲಿ ಇದೊಂದೇ.”

ಉಳಿಯಕ್ಕ ಒಲೆಯ ಕಡೆ ನೋಡಿದಳು. ತಮ್ಮನೂ ಒಲೆಯ ಕಡೆ ನೋಡಿದ.

“ಸುಟ್ಟುಹಾಕಿದೆ,” ಎಂದಳು ಉಳಿಯಕ್ಕ.

ಆಗ ಒಡತಿಯ ಮುಖ ಬಿಳಿಚಿಕೊಂಡಿತು. “ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕೆತ್ತಿದ್ದೆ ಅದನ್ನ. ಒಂದು ವರ್ಷ ಹಿಡೀತು. ನೀವು ಅದನ್ನ…” ಬಾಗಿಲ ಕಡೆ ತಿರುಗಿ ನಿಂತಳು.

ತಮ್ಮ ಮೂಲೆಯಿಂದ ಆ ಚೀಟಿ ಹುಡುಕಿ ತಂದು ಅಕ್ಕನ ಮುಂದಿಟ್ಟ. ಉಳಿಯಕ್ಕ ಓದಿದಳು. ಎರಡು ಗೆರೆಗಳನ್ನೂ ನೋಡಿದಳು. ಕಿವಿಯವರೆಗೂ ಬಿಸಿಯೇರಿತು. ಅರವತ್ತು ದಾಟಿದ ಮೇಲೆ, ಅದೂ ತಮ್ಮನ ಎದುರು, ಅಂಥ ನಾಚಿಕೆ ಯಾರಿಗೂ ಬೇಡ. ನೆಲ ಬಿರಿದು ನುಂಗಿದ್ದರೆ ಸಾಕಿತ್ತು ಅನ್ನಿಸಿತು. ಆದರೆ ನೆಲ ಬಿರಿಯುವವರೆಗೆ ಕಾಯುತ್ತ ಕೂರುವ ಹೆಂಗಸಲ್ಲ ಆಕೆ. ಗೋಡೆಯ ಗಡಿಯಾರ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವತ್ತು ಬಿಚ್ಚಿ ಪಟ್ಟಿ ಕೆತ್ತಿ ಅಂಟಿಸಬೇಕು. ನಾಳೆ ಬೆಳಿಗ್ಗೆಗೆ ಅಂಟು ಹಿಡಿಯುತ್ತದೆ. ನಾಳೆ ಪಟ್ಟಿಯನ್ನು ಹದಕ್ಕೆ ತಂದು ಹಲಗೆ ಮುಚ್ಚಬೇಕು. ಬುಧವಾರ ಬೆಳಿಗ್ಗೆ ತಂತಿ.

“ಆಗುತ್ತೆ,” ಎಂದಳು. “ಬುಧವಾರ ಮಧ್ಯಾಹ್ನ ನಿಮ್ಮ ಕೈಲಿ ಪಿಟೀಲು ಇರುತ್ತೆ. ಆದ್ರೆ ಎರಡು ದಿನ ನೀವು ಇಲ್ಲೇ ಇರಬೇಕು. ಆ ಪಟ್ಟಿ ಹೇಗಿತ್ತು ಅಂತ ನಂಗೆ ಗೊತ್ತಿಲ್ಲ. ನಾನದನ್ನ ಸರಿಯಾಗಿ ನೋಡ್ಲೇ ಇಲ್ಲ, ಬೈದೆ ಅಷ್ಟೆ.”

“ನಿಮ್ಮನ್ನ ನಂಬಬೇಕಾ ನಾನು?”

“ನಂಬಬೇಡಿ. ಪಕ್ಕದಲ್ಲಿ ಕೂತು ಕಾವಲು ಕಾಯಿರಿ.”

ಒಡತಿ ಆಕೆಯನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಕಾರ್ಖಾನೆಗೆ ಫೋನು ಮಾಡಿ, ಜ್ವರ ಬಂದಿದೆ ಎಂದು ಸುಳ್ಳು ಹೇಳಿ, ಕುರ್ಚಿ ಎಳೆದುಕೊಂಡು ಬೆಂಚಿನ ಪಕ್ಕ ಕೂತಳು.

ತಾನೇ ಮುಚ್ಚಿದ್ದ ಹಲಗೆಯನ್ನು ಉಳಿಯಕ್ಕ ಮತ್ತೆ ಬಿಚ್ಚಿದಳು. ತನ್ನ ಕೈಯಾರೆ ಮಾಡಿದ, ತಾನೇ ಮೆಚ್ಚಿಕೊಂಡಿದ್ದ ಪಟ್ಟಿಯನ್ನು ಕಿತ್ತು ಪಕ್ಕಕ್ಕಿಟ್ಟಳು. ಹೊಸ ತುಂಡು ತೆಗೆದು ಗೆರೆ ಹಾಕಿದಳು. ಹಲಗೆಯ ಒಳಮೈಗೆ ಸೀಮೆಸುಣ್ಣ ಉಜ್ಜುವುದು, ಪಟ್ಟಿಯನ್ನು ಅದರ ಮೇಲೆ ಒತ್ತುವುದು, ಎಲ್ಲಿ ಬಿಳಿ ಹತ್ತಿತೋ ಅಲ್ಲಿ ಕೂದಲಷ್ಟು ಹೆರೆಯುವುದು, ಮತ್ತೆ ಒತ್ತುವುದು. ಪಟ್ಟಿಯ ಅಡಿಗೆಲ್ಲ ಒಂದೇ ಸಮ ಬಿಳಿ ಹತ್ತಬೇಕು. ಹಾಗಾಗುವವರೆಗೆ ಬಿಡುವ ಹಾಗಿಲ್ಲ. ಇಪ್ಪತ್ತು ಸಲವಾಯಿತು, ಮೂವತ್ತು ಸಲವಾಯಿತು. ಸೀಮೆಸುಣ್ಣ ಉಜ್ಜುವ ಕೆಲಸವನ್ನು ಯಾರೂ ಹೇಳದೆಯೇ ಒಡತಿ ತನ್ನ ಕೈಗೆ ತೆಗೆದುಕೊಂಡಿದ್ದಳು. ಮೂರು ಬೆರಳಲ್ಲಿ ಎಷ್ಟು ತೆಳುವಾಗಿ, ಎಷ್ಟು ಸಮವಾಗಿ ಉಜ್ಜಿದಳೆಂದರೆ ಉಳಿಯಕ್ಕನಿಗೆ ತಪ್ಪು ಹುಡುಕುವುದಕ್ಕೆ ಜಾಗವೇ ಸಿಗಲಿಲ್ಲ. ಸಂಜೆಯ ಬೆಳಕು ಕಿಟಕಿಯಲ್ಲಿರುವಾಗಲೇ ಪಟ್ಟಿ ಅಂಟಿಕೊಂಡಿತು.

ಮಂಗಳವಾರ ಅದನ್ನು ಹದಕ್ಕೆ ತರುವ ಕೆಲಸ. ಯಾವ ಪಿಟೀಲಾದರೂ ಸರಿ, ಪಟ್ಟಿಯ ಎರಡೂ ತುದಿ ಒಂದೇ ರೀತಿ ಇಳಿಜಾರಾಗಿ ಇಳಿಯಬೇಕು. ಉಳಿಯಕ್ಕ ಕಲಿತದ್ದೂ ಕಲಿಸಿದ್ದೂ ಅದೇ. ಮೇಲಿನ ತುದಿ ಇಳಿಸಿ, ಕೆಳಗಿನ ತುದಿಗೆ ಉಳಿ ಹಚ್ಚಿದಳು.

“ಅಲ್ಲಿ ಬೇಡ,” ಎಂದಳು ಒಡತಿ.

ಉಳಿ ನಿಂತಿತು. “ಯಾಕೆ?”

“ಅಲ್ಲಿ ತೆಳು ಮಾಡಿದ್ರೆ ದಪ್ಪ ತಂತಿ ಗೊರಗೊರ ಅನ್ನುತ್ತೆ. ಮೊದಲನೇ ಸಲ ನಾನೂ ಪುಸ್ತಕದಲ್ಲಿದ್ದ ಹಾಗೇ ಮಾಡಿದ್ದೆ. ಎರಡನೇ ಸಲ ಸ್ವಲ್ಪ ಬಿಟ್ಟೆ. ನಾಲ್ಕನೇ ಸಲಕ್ಕೆ ಸರಿಹೋಯ್ತು. ಈ ಹಲಗೆ ಆ ಜಾಗದಲ್ಲಿ ತುಂಬಾ ತೆಳ್ಳಗಿದೆ, ಒತ್ತಿ ನೋಡಿ.”

ಉಳಿಯಕ್ಕ ಹೆಬ್ಬೆರಳಿನಿಂದ ಒತ್ತಿದಳು. ಹೌದು, ತೆಳ್ಳಗಿತ್ತು. ಯಾವುದೋ ಕಾಲದಲ್ಲಿ ಯಾರೋ ಹೆರೆದು ಬಿಟ್ಟಿದ್ದರು. ಪಟ್ಟಿಯ ದಪ್ಪ ತುದಿಯನ್ನು ಬೈದಾಗ ತಾನು ಬೈದದ್ದು, ಈ ಹೆಣ್ಣುಮಗಳು ನುಡಿಸಿ ಕೇಳಿ ಕಂಡುಕೊಂಡಿದ್ದನ್ನೇ ಅನ್ನಿಸಿತು. “ಹೂಂ. ಎಷ್ಟು ಬಿಡ್ಲಿ?” ಎಂದಳು.

“ಇನ್ನೊಂದು ಚೂರು ತೆಗೀರಿ. ಇನ್ನೊಂದು. ಸಾಕು.”

“ಇಷ್ಟು ಸಾಕಾ?”

“ಸಾಕು.”

“ನೋಡಿ ಹೇಳಿ ಮತ್ತೆ.”

“ಸಾಕು ಅಂದ್ನಲ್ಲ!”

ಬಾಗಿಲ ಬಳಿಯಿಂದ ತಮ್ಮ ಕೆಮ್ಮಿದ. “ಅಕ್ಕ, ಬೆಳಿಗ್ಗೆಯಿಂದ ಗಿರಾಕಿ ಹತ್ತಿರ ಹನ್ನೊಂದು ಪ್ರಶ್ನೆ ಕೇಳಿದ್ದೀಯ. ಬರೆದಿಟ್ಕೊಂಡಿದ್ದೀನಿ.”

“ಆ ಚೀಟೀನ ನಿನ್ನ ಬಾಯಿಗೆ ತುರುಕ್ತೀನಿ ಈಗ!”

ಒಡತಿ ನಕ್ಕುಬಿಟ್ಟಳು. ಎರಡು ದಿನದಲ್ಲಿ ಮೊದಲ ಸಲ. ಮಧ್ಯಾಹ್ನ ಮೂವರೂ ಮೇಜಿನ ಮೇಲಿನ ಮರದ ಹೊಟ್ಟು ಸರಿಸಿ ಚಹಾ ಕುಡಿದರು. ಅಷ್ಟರಲ್ಲಿ ಉಳಿಯಕ್ಕ ‘ನೀವು’ ಬಿಟ್ಟು ‘ನೀನು’ ಅನ್ನತೊಡಗಿದ್ದಳು, ಒಡತಿ ‘ಅಕ್ಕ’ ಅನ್ನತೊಡಗಿದ್ದಳು. ಯಾವಾಗ ಹಾಗಾಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಬುಧವಾರ ಬೆಳಿಗ್ಗೆ ತಂತಿ ಬಿಗಿದು, ಕುದುರೆ ನಿಲ್ಲಿಸಿ ಕೊಟ್ಟಾಗ ಒಡತಿ ಕಮಾನು ಹೊರತೆಗೆದಳು. ಹಿಡಿಯ ಬಳಿ ಅವಳೇ ಹೊಲಿದ ಚರ್ಮದ ಉಂಗುರವೊಂದಿತ್ತು, ಎರಡು ಬೆರಳು ಅದರೊಳಗೆ ತೂರುತ್ತಿದ್ದವು. ದಪ್ಪ ತಂತಿಯ ಮೇಲೆ ಒಮ್ಮೆ ನಿಧಾನಕ್ಕೆ ಎಳೆದಳು. ಸ್ವರ ಗೊರಗುಟ್ಟಲಿಲ್ಲ. ತುಂಬಿಕೊಂಡು ಬಂತು. ಇನ್ನೊಮ್ಮೆ ಎಳೆದಳು. “ಮೊದಲಿಗಿಂತ ಚೆನ್ನಾಗಿದೆ ಅಕ್ಕ,” ಎಂದಳು. ಅದನ್ನು ಒಪ್ಪಿಕೊಳ್ಳುವುದು ಅವಳಿಗೂ ಸುಲಭವಾಗಿರಲಿಲ್ಲ.

“ಆಗಲೇಬೇಕು. ಇಬ್ಬರು ಮಾಡಿದ್ದಲ್ವಾ,” ಎಂದಳು ಉಳಿಯಕ್ಕ.

ಹಸಿ ಅಂಟಿನ ಪಿಟೀಲು ಯಾವ ಗಳಿಗೆಯಲ್ಲಿ ಏನು ಮಾಡುತ್ತದೋ ಹೇಳಲಾಗದು. ಅದಕ್ಕೇ ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡು ಉಳಿಯಕ್ಕ ತಾನೂ ಸಭಾಂಗಣಕ್ಕೆ ಹೋದಳು. ವೇದಿಕೆಯ ಮೇಲೆ ಅಡ್ಡಲಾಗಿ ದಪ್ಪ ಪರದೆ ಕಟ್ಟಿದ್ದರು. ನುಡಿಸುವವರು ಪರದೆಯ ಹಿಂದೆ, ಕೇಳುವವರು ಮುಂದೆ. ಮುಖ ನೋಡಿ ಮಣೆ ಹಾಕಬಾರದೆಂದು ಈ ವ್ಯವಸ್ಥೆ. ಹೆಸರಿಲ್ಲ, ಬರೀ ನಂಬರು. ಮುಂದಿನ ಸಾಲಿನಲ್ಲಿ ವೃಂದದ ಮೇಷ್ಟ್ರು, ಅವರ ಪಕ್ಕ ಪಿಟೀಲಿನ ಸಾಲಿನ ಮೊದಲ ಕುರ್ಚಿಯವನು. ಹಿಂದೆ ಹಸಿರು ಕೋಟಿನ ತಾಯಿಯ ಪಕ್ಕದಲ್ಲಿ ಉಳಿಯಕ್ಕ ಕೂತಳು. ತಾಯಿಯ ಕೈ ತಣ್ಣಗಿತ್ತು, ಕೇಳದೆಯೇ ಹಿಡಿದುಕೊಂಡಳು.

ಆರು ಜನ ನುಡಿಸಿದರು. ಎಲ್ಲರೂ ಚೆನ್ನಾಗಿಯೇ ನುಡಿಸಿದರು, ಇಲ್ಲ ಅನ್ನುವ ಹಾಗಿಲ್ಲ. ಆಮೇಲೆ ಏಳನೇ ನಂಬರು. ಮೊದಲ ಸ್ವರಕ್ಕೇ ಮೇಷ್ಟ್ರು ಪೆನ್ನು ಕೆಳಗಿಟ್ಟರು. ಉಳಿಯಕ್ಕ ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಮೊದಮೊದಲು ಪಟ್ಟಿ ಹೇಗಿದೆ, ಅಂಟು ಹೇಗಿದೆ ಎಂದೇ ಕೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪಟ್ಟಿಯೂ ಮರೆತುಹೋಯಿತು, ಅಂಟೂ ಮರೆತುಹೋಯಿತು. ಆರು ವರ್ಷ ಒಬ್ಬಳೇ ಕೋಣೆಯಲ್ಲಿ ನುಡಿಸಿಕೊಂಡವಳು ಇವತ್ತು ಜನರ ಎದುರು ನುಡಿಸುತ್ತಿದ್ದಳು, ಅಷ್ಟು ಮಾತ್ರ ಕೇಳುತ್ತಿತ್ತು. ಇನ್ನೂ ನಾಲ್ಕು ಜನ ನುಡಿಸಿದರು. ಯಾರೂ ಅವರನ್ನು ಸರಿಯಾಗಿ ಕೇಳಿಸಿಕೊಂಡಂತೆ ಕಾಣಲಿಲ್ಲ.

ಮೇಷ್ಟ್ರು ಪಕ್ಕದವನ ಜೊತೆ ಎರಡು ಮಾತಾಡಿ ಎದ್ದು ನಿಂತರು. “ಏಳನೇ ನಂಬರು. ಪರದೆ ಸರಿಸಿ.”

ಪರದೆ ಸರಿಯಿತು. ಒಡತಿ ಪಿಟೀಲನ್ನು ಬಲಭುಜದ ಮೇಲೂ ಕಮಾನನ್ನು ಎಡಗೈಯಲ್ಲೂ ಹಿಡಿದು ನಿಂತಿದ್ದಳು. ಮೇಷ್ಟ್ರ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು.

“ಇದೇನಿದು, ಉಲ್ಟಾ?” ಎಂದ ಮೊದಲ ಕುರ್ಚಿಯವನು. “ಮೇಷ್ಟ್ರೇ, ಇದು ಆಗೋ ಹೋಗೋ ಮಾತಲ್ಲ. ಹದಿನಾರು ಕಮಾನು ಒಂದು ಕಡೆ ಹೋಗುವಾಗ ಇವರದ್ದೊಂದು ಇನ್ನೊಂದು ಕಡೆ ಹೋದ್ರೆ ನೋಡಿದವರು ಏನಂದಾರು? ಪಕ್ಕದವರ ಮೊಣಕೈಗೆ ತಾಗುತ್ತೆ. ಅದೂ ಅಲ್ಲದೆ ತಿರುಗಿಸಿ ಕಟ್ಟಿದ ಪಿಟೀಲು, ಎಷ್ಟು ದಿನ ಬಾಳುತ್ತೋ ಏನೋ.”

ಮೇಷ್ಟ್ರು ಹಣೆ ಉಜ್ಜಿಕೊಂಡರು. “ಚೆನ್ನಾಗಿ ನುಡಿಸಿದ್ರಿ ಅಮ್ಮ. ತುಂಬಾ ಚೆನ್ನಾಗಿ ನುಡಿಸಿದ್ರಿ. ಆದರೆ…”

ಒಡತಿ ಕಮಾನು ಕೆಳಗಿಳಿಸಿದಳು. ಈ ‘ಆದರೆ’ ಅವಳಿಗೆ ಹೊಸದಲ್ಲ ಅನ್ನುವುದು ಅವಳು ತಲೆಯಾಡಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಪಿಟೀಲನ್ನು ಪೆಟ್ಟಿಗೆಗೆ ಹಾಕಲು ಬಗ್ಗಿದಳು.

ಉಳಿಯಕ್ಕ ಎದ್ದಳು. “ಪೆಟ್ಟಿಗೆ ಮುಚ್ಚಬೇಡ!” ಎಂದು ಹಿಂದಿನಿಂದಲೇ ಗುಡುಗಿದಳು. ಚೀಲದಲ್ಲಿನ ಉಳಿಗಳು ಗಲಗಲ ಅನ್ನುತ್ತಿರಲು ನಡುವಿನ ದಾರಿಯಲ್ಲಿ ಮುಂದೆ ಬಂದಳು.

“ಅಕ್ಕ! ನೀವೇನಿಲ್ಲಿ?” ಮೇಷ್ಟ್ರು ಗಾಬರಿಯಾದರು. “ಇವರು ನಿಮಗೆ ಏನಾಗಬೇಕು?”

“ಏನೂ ಆಗಬೇಕಿಲ್ಲ. ಇವಳ ಪಿಟೀಲು ಹಾಳು ಮಾಡಿದವಳು ನಾನು.”

ಸಭಾಂಗಣದಲ್ಲಿ ಹತ್ತು ಹದಿನೈದು ಜನರಿದ್ದರು, ಎಲ್ಲರೂ ಆಕೆಯ ಗಿರಾಕಿಗಳೇ. ಆ ಬಾಯಿಂದ ಅಂಥ ಮಾತು ಬೀಳುತ್ತದೆಂದು ಯಾರೂ ಕನಸಲ್ಲೂ ಎಣಿಸಿದವರಲ್ಲ.

“ನಿಮ್ಮ ಮೂವತ್ತು ಪಿಟೀಲು ನನ್ನ ಕೈಲಿ ಕೊಟ್ಟು ನಿಶ್ಚಿಂತೆಯಾಗಿ ನಿದ್ದೆ ಮಾಡ್ತೀರಲ್ಲ ಮೇಷ್ಟ್ರೇ, ಅದೇ ನಾನು. ತಿರುಗಿಸಿ ಕಟ್ಟಿದ್ದು ಕಂಡ ತಕ್ಷಣ ತಪ್ಪು ಅಂದ್ಕೊಂಡೆ. ಯಾಕೆ ಹೀಗಿದೆ ಅಂತ ಒಂದು ಮಾತು ಕೇಳ್ಲಿಲ್ಲ. ಇವಳು ತನ್ನ ಕೈಯಾರೆ ಒಂದು ವರ್ಷ ಕೂತು ಮಾಡ್ಕೊಂಡಿದ್ದನ್ನ ಕಿತ್ತು ಒಲೆಗೆ ಹಾಕ್ದೆ, ಸರಿ ಮಾಡ್ದೆ ಅಂತ ಮೆರೆದೆ. ಆಮೇಲೆ ಇವಳೇ ಪಕ್ಕದಲ್ಲಿ ಕೂತು ಹೇಳಿಕೊಟ್ಲು, ಮತ್ತೆ ಕಟ್ಟಿದ್ದೀವಿ. ಎಷ್ಟು ದಿನ ಬಾಳುತ್ತೆ ಅಂತ ಕೇಳಿದ್ರಲ್ಲ, ನಿಮ್ಮ ಸಾಲಿನಲ್ಲಿರೋ ಎಲ್ಲಾ ಪಿಟೀಲಿಗಿಂತ ಒಂದು ದಿನ ಜಾಸ್ತಿ ಬಾಳುತ್ತೆ. ಅದಕ್ಕೆ ನಾನು ಜವಾಬ್ದಾರಿ.”

“ಅದಲ್ಲ ಅಕ್ಕ, ನೋಡೋದಕ್ಕೆ…”

“ಮತ್ತೆ ಪರದೆ ಯಾಕೆ ಕಟ್ಟಿಸಿದ್ರಿ?” ಉಳಿಯಕ್ಕನ ದನಿ ಒಮ್ಮೆಲೇ ತಗ್ಗಿತು. “ಮೇಷ್ಟ್ರೇ, ನಾನು ಕೆಡಿಸಿದ್ದು ಮರ. ಮೂರು ದಿನದಲ್ಲಿ ಸರಿ ಮಾಡೋಕೆ ಆಯ್ತು. ನೀವು ಈಗ ಕೆಡಿಸೋದನ್ನ ಯಾರ ಹತ್ತಿರ ರಿಪೇರಿಗೆ ಕಳಿಸೋಣ?”

ಉತ್ತರಕ್ಕೆ ಕಾಯದೆ ಆಕೆ ವೇದಿಕೆ ಹತ್ತಿ, ಒಂದು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ, ವೃಂದದವರು ಕೂರುವ ಸಾಲಿನ ಎಡ ತುದಿಯಲ್ಲಿಟ್ಟಳು. “ಇಲ್ಲಿ ಕೂರಿಸಿ. ಈ ಕಡೆ ಗೋಡೆ ಬಿಟ್ರೆ ಇನ್ಯಾರಿದ್ದಾರೆ? ಗೋಡೆಗೆ ಮೊಣಕೈ ತಾಗಿದ್ರೆ ಗೋಡೆ ಏನೂ ಅನ್ಕೊಳ್ಳಲ್ಲ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಕುರ್ಚಿಯಿಂದ ಗೋಡೆಗಿರುವ ಅಂತರವನ್ನು ಕಣ್ಣಲ್ಲೇ ಅಳೆದರು. ಆಮೇಲೆ ಮೊದಲ ಕುರ್ಚಿಯವನ ಕಡೆ ತಿರುಗಿ, “ಹೋಗಿ, ಪಕ್ಕದಲ್ಲಿ ಕೂತು ನುಡಿಸಿ,” ಎಂದರು.

ಅವನು ತನ್ನ ಪಿಟೀಲನ್ನೆತ್ತಿಕೊಂಡು ಮುಖ ಗಂಟಿಕ್ಕಿಕೊಂಡೇ ಹೋದ. ಇಬ್ಬರೂ ಒಂದೇ ಪುಟ ನೋಡಿಕೊಂಡು ನುಡಿಸಿದರು. ಅವನ ಕಮಾನು ಬಲಕ್ಕೆ ಚಾಚಿತು, ಅವಳದು ಎಡಕ್ಕೆ ಚಾಚಿತು, ನಡುವೆ ಯಾರಿಗೂ ಏನೂ ತಾಗಲಿಲ್ಲ. ಎರಡನೇ ಪುಟದಲ್ಲಿ ಅವನ ಗಂಟು ಸಡಿಲಿತು. ಮೂರನೇ ಪುಟದ ಕಷ್ಟದ ಜಾಗದಲ್ಲಿ ಅವನು ಅವಳ ಕಡೆ ತಿರುಗಿ ನೋಡಿದ, ಅವಳು ತಲೆಯಾಡಿಸಿದಳು, ಇಬ್ಬರೂ ಒಟ್ಟಿಗೆ ದಾಟಿದರು. ಮೇಷ್ಟ್ರು ವೇದಿಕೆಗೆ ಬೆನ್ನು ಹಾಕಿ ನಿಂತು ಕೇಳಿದರು.

ಮುಗಿದ ಮೇಲೆ ಅವರು ತಿರುಗಿದರು. “ಸೋಮವಾರ ಹತ್ತಕ್ಕೆ ಅಭ್ಯಾಸ,” ಎಂದರು. “ತಡ ಮಾಡಬೇಡಿ. ತಡ ಮಾಡಿದ್ರೆ ನಂಗೆ ಆಗಲ್ಲ.”

ಹಸಿರು ಕೋಟಿನ ತಾಯಿ ಜೋರಾಗಿ ಅತ್ತುಬಿಟ್ಟರು. ಮೊದಲ ಕುರ್ಚಿಯವನು ಎದ್ದು, ಪುಟ ಇಡುವ ಕಂಬವನ್ನು ಅವಳ ಕಡೆಗೆ ಒಂದಿಷ್ಟು ಸರಿಸಿ ಹೋದ. ಒಡತಿ ಮಾತ್ರ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಆ ಕುರ್ಚಿಯಲ್ಲೇ ಕೂತಿದ್ದಳು. ಉಳಿಯಕ್ಕ ಹತ್ತಿರ ಹೋಗಿ, ಅಭ್ಯಾಸಬಲದಿಂದ ಅಂಚಿನ ಮೇಲೆಲ್ಲ ಬೆರಳಾಡಿಸಿ ನೋಡಿದಳು. ಅಂಟು ಎಲ್ಲೂ ಬಿಟ್ಟಿರಲಿಲ್ಲ.

“ಅಕ್ಕ,” ಎಂದಳು ಒಡತಿ, “ಇನ್ನು ಮುಂದೆ ಇದಕ್ಕೆ ಏನೇ ಆದ್ರೂ ನಿಮ್ಮ ಹತ್ತಿರಾನೇ ತರ್ತೀನಿ.”

ನಲವತ್ತು ವರ್ಷ ಆಕೆಯ ಕೆಲಸವನ್ನು ಹೊಗಳಿದವರು ಲೆಕ್ಕವಿಲ್ಲದಷ್ಟು ಜನ. ಕೆಲಸ ಕೆಡಿಸಿದ ಮೇಲೂ ಹೀಗೆ ಹೇಳಿದವರು ಇವಳೊಬ್ಬಳೇ. ಉಳಿಯಕ್ಕ ಏನೋ ಗದರಬೇಕೆಂದು ಬಾಯಿ ತೆರೆದಳು, ಆದರೆ ಅಳು ಬಂದುಬಿಟ್ಟಿತು. ಗಿರಾಕಿಗಳೆಲ್ಲ ನೋಡುತ್ತಿದ್ದರೂ ತಡೆಯಲಿಲ್ಲ, ಅಲ್ಲೇ ನಿಂತು ಅತ್ತಳು.